ಮೊಬೈಲ್ ರಾಕ್ಷಸನಿಗೆ ರಜೆ ಕೊಡಿ: ಮಕ್ಕಳ ನಾಟಕ ಕಟ್ಟುವುದು ಹೀಗೆ

ಡಿಸೆಂಬರ್ ಬಂತೆಂದರೆ ಶಿರಸಿ ಸುತ್ತಮುತ್ತ ಗ್ಯಾದರಿಂಗ್ (ಶಾಲಾ ವಾರ್ಷಿಕೋತ್ಸವ) ಗಡಿಬಿಡಿ. ಈಚೆಗೆ ಅದರಲ್ಲಿ ಮೊಬೈಲ್ ಮೇಲೊಂದು ನಾಟಕ ಇದ್ದೇ ಇರುತ್ತದೆ. ಕಥೆಯೂ ಹೆಚ್ಚುಕಡಿಮೆ ಒಂದೇ. ಕೊಂಬು ಕಟ್ಟಿಕೊಂಡ ಮೊಬೈಲ್ ರಾಕ್ಷಸ ಬರುತ್ತಾನೆ, ಹುಡುಗ ಹಾಳಾಗುತ್ತಾನೆ, ಅಜ್ಜ ಬುದ್ಧಿ ಹೇಳುತ್ತಾನೆ, ಹುಡುಗ ಅತ್ತು ತಪ್ಪಾಯ್ತು ಅನ್ನುತ್ತಾನೆ. ನೋಡುವ ಮಕ್ಕಳಿಗೆ ಇಷ್ಟವಾಗುವವನು ಆ ರಾಕ್ಷಸನೇ! ನಾನೂ ಒಮ್ಮೆ ಇದನ್ನೇ ಮಾಡಿಸಿದ್ದೆ. ಮರುದಿನ ಊರಿನ ಹುಡುಗರೆಲ್ಲ ಕೊಂಬು ಕಟ್ಟಿಕೊಂಡು ಓಡಾಡಿದರು.

ಬೇಕಾಗುವುದು 8ರಿಂದ 12 ವರ್ಷದ ಹತ್ತು ಹನ್ನೆರಡು ಮಕ್ಕಳು, 15 ದಿನ, ಒಂದು ಪಂಚೆ, ಒಂದಿಷ್ಟು ಅಡಿಕೆ ಹಾಳೆ (ಸೋಗೆಯ ಬುಡದ ಅಗಲ ಭಾಗ). ನಾಟಕ 20 ನಿಮಿಷ ಮೀರುವುದು ಬೇಡ.

ಮೊದಲ ಮೂರು ದಿನ: ಮಾತು ಬರೆಯಬೇಡಿ

'ನಿಮ್ಮನೆಯಲ್ಲಿ ರಾತ್ರಿ ಊಟದ ಹೊತ್ತು ಹೇಗಿರುತ್ತದೆ, ಮಾಡಿ ತೋರಿಸಿ' ಅನ್ನಿ. ಆಮೇಲೆ ಸುಮ್ನೆ ಕೂರಿ. ನಮ್ಮಲ್ಲಿ ಒಬ್ಬಳು ಅಪ್ಪನ ಪಾತ್ರ ಮಾಡಿದಳು. ಕಣ್ಣು ಫೋನಿನಲ್ಲಿ, ಬಾಯಲ್ಲಿ ಒಂದೇ ಮಾತು: 'ಹೂಂ, ನಾಳೆ ನೋಡನ.' ಮಗನಾದವನು 'ಅಪ್ಪಾ, ನಾನು ಬಾವಿಗೆ ಬಿದ್ದೆ' ಅಂದ. 'ಹೂಂ, ನಾಳೆ ನೋಡನ.' ಇಂಥ ಮಾತು ದೊಡ್ಡವರು ಕೂತು ಬರೆದರೆ ಬರುವುದಿಲ್ಲ. ಕೇಳಿದ್ದನ್ನು ಆವತ್ತೇ ನೋಟ್‌ಬುಕ್ಕಿಗೆ ಇಳಿಸಿ.

ಇನ್ನೊಂದು ಮಾತು. 2020-21ರಲ್ಲಿ ಕೊರೊನಾಕ್ಕೆ ಶಾಲೆ ಮುಚ್ಚಿದಾಗ ಇದೇ ಮೊಬೈಲ್ ಹಿಡಿದು, ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ ಅಣ್ಣ ಅಕ್ಕಂದಿರು ಪಾಠ ಕೇಳಿದ್ದನ್ನು ಕಂಡ ಮಕ್ಕಳು ನಮ್ಮವರು. ಅವರ ಮುಂದೆ ಮೊಬೈಲನ್ನು ಬರೀ ಕೆಟ್ಟದ್ದು ಅಂದರೆ ನಂಬುವುದಿಲ್ಲ, ನಗುತ್ತಾರೆ.

ಎರಡು ವರ್ಷದೊಳಗಿನವರಿಗೆ ಪರದೆಯೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಸಾಕು ಎಂದು ದೇಶದ ಮಕ್ಕಳ ತಜ್ಞರ ಸಂಘ ಹೇಳುತ್ತದೆ. ಇದನ್ನು ಆಮಂತ್ರಣ ಪತ್ರಿಕೆಯ ಹಿಂದೆ ಅಚ್ಚು ಹಾಕಿಸಿ. ಮಗುವಿನ ಬಾಯಲ್ಲಿ ಹೇಳಿಸಬೇಡಿ.

ಮೊಬೈಲ್ ಕಾಣಬೇಕು, ಹೇಗೆ?

ಫೋನ್ ನೋಡುತ್ತ ಕೂತ ಹುಡುಗ ರಂಗದ ಮೇಲೆ ಸತ್ತ ಹಾಗೆ ಕಾಣುತ್ತಾನೆ. ಅವನು ನೋಡುತ್ತಿರುವುದು ಸಭೆಗೆ ಕಾಣಬೇಕಲ್ಲ? ಯಕ್ಷಗಾನದಲ್ಲಿ ವೇಷ ಬರುವಾಗ ಇಬ್ಬರು ತೆರೆ ಹಿಡಿಯುತ್ತಾರಲ್ಲ, ಅದೇ ಉಪಾಯ. ಹುಡುಗನ ಕೈಯಲ್ಲಿ ಹಾಳೆಯಿಂದ ಕತ್ತರಿಸಿದ ಫೋನು. ಹಿಂದೆ ಇಬ್ಬರು ಪಂಚೆ ಹಿಡಿದು ನಿಲ್ಲಲಿ. ಹೆಬ್ಬೆರಳು ಸರಿಸಿದ ಕೂಡಲೇ ಡಬ್ಬದ ಮೇಲೊಂದು ಪೆಟ್ಟು, ತೆರೆ ಕೆಳಗೆ, ಹಿಂದೆ ನಿಂತ ಮಕ್ಕಳಿಂದ ಒಂದು ರೀಲ್ಸ್. ಎಂಟು ಎಣಿಸುವುದರೊಳಗೆ ತೆರೆ ಮೇಲೆ. ಕುಣಿತ, ಕ್ರಿಕೆಟ್, ಬೆಕ್ಕು, ಅಡುಗೆ, ಏನಾದರೂ ಆಗಲಿ. ನಮ್ಮ ಕಡೆಯ ಜನಕ್ಕೆ ತೆರೆ ವಿವರಿಸಬೇಕಾಗಿಲ್ಲ.

ಇಲ್ಲೇ ಎಲ್ಲರೂ ಎಡವುವುದು

ರೀಲ್ಸ್ ದೃಶ್ಯಕ್ಕೆ ಜನ ಬಿದ್ದು ಬಿದ್ದು ನಗುತ್ತಾರೆ. ಆಮೇಲೆ ಬರುವ 'ಪ್ರಕೃತಿ' ದೃಶ್ಯದಲ್ಲಿ ನಾಲ್ಕು ಮಕ್ಕಳು ಕೈ ಎತ್ತಿ ಮರವಾಗುತ್ತಾರೆ, ಒಬ್ಬಳು ನದಿಯ ಮೇಲೆ ಪದ್ಯ ಹೇಳುತ್ತಾಳೆ, ಸಭೆ ಆಕಳಿಸುತ್ತದೆ. ಅಲ್ಲಿಗೆ ಗೆದ್ದದ್ದು ಮೊಬೈಲೇ. 1983ರಲ್ಲಿ ಸಾಲ್ಕಣಿಯಲ್ಲಿ ಅಪ್ಪಿಕೋ, ಅಂದರೆ ಮರ ಅಪ್ಪಿ ಕಾಡು ಉಳಿಸುವ ಚಳವಳಿ, ಶುರುವಾದ ಸೀಮೆ ನಮ್ಮದು, ನಿಜ. ಹಾಗಂತ ಪ್ರತಿ ನಾಟಕದಲ್ಲೂ ಮರ ಅಪ್ಪಿಸಬೇಕಾಗಿಲ್ಲ.

ಹೀಗೆ ಮಾಡಿ. ರೀಲ್ಸ್ ಎರಡೇ ನಿಮಿಷ. ಜನ ಇನ್ನೂ ಬೇಕು ಅನ್ನುವಾಗಲೇ ಕರೆಂಟ್ ಹೋಗಲಿ. ಮಳೆಗಾಲದಲ್ಲಿ ಕರೆಂಟ್ ಹೋಗಿ, ಹಿಂದೆಯೇ ಟವರ್ ಬಂದ್ ಆಗುವುದು ಯಾರಿಗೆ ಗೊತ್ತಿಲ್ಲ? ತೆರೆ ಹಾಗೇ ನೆಲಕ್ಕೆ ಬೀಳಲಿ. ಈಗ ಯಾರೂ ಮಾತಾಡಬಾರದು. ಹತ್ತು ಎಣಿಸುವಷ್ಟು ಹೊತ್ತು. ಮಕ್ಕಳು ಹೆದರುತ್ತಾರೆ, ಮೂರಕ್ಕೇ ಬಾಯಿ ಬಿಡುತ್ತಾರೆ. ದಿನಾ ಇದೊಂದನ್ನೇ ಐದು ಸಲ ಮಾಡಿಸಿ. ಹುಡುಗನಿಗೆ ಬೇಜಾರು ಬರಬೇಕು, ಆ ಬೇಜಾರು ಸಭೆಗೂ ಮುಟ್ಟಬೇಕು. ಅವನು ಮಗುಚಿ ಮಲಗಲಿ, ಹಂಚು ಎಣಿಸಲಿ, ಕವಳ (ಎಲೆ ಅಡಿಕೆ) ಹಾಕುತ್ತ ಕೂತ ಅಜ್ಜಿಯನ್ನು ಕಾಡಲಿ. ಅಜ್ಜಿ ಬುದ್ಧಿ ಹೇಳಕೂಡದು. 'ಸುಣ್ಣದ ಡಬ್ಬಿ ಎಲ್ಲಿಟ್ಟೆ ಮಾರಾಯ' ಅಂದರೆ ಸಾಕು.

ಆಗ ಮಳೆ. ಬದಿಯಲ್ಲಿ ಕೂತ ಮಕ್ಕಳು ಅಂಗೈ ಉಜ್ಜಲಿ. ಆಮೇಲೆ ಒಂದು ಬೆರಳಿನಿಂದ ಅಂಗೈ ತಟ್ಟುವುದು, ಎರಡು, ನಾಲ್ಕು, ತೊಡೆ ಬಡಿಯುವುದು, ಕೊನೆಗೆ ಹಲಗೆಯ ಮೇಲೆ ಕಾಲು. ನಿಲ್ಲುವಾಗ ಇದೇ ಹಿಂದುಮುಂದಾಗಿ. ಕಪ್ಪೆಯ ಸದ್ದಿಗೆ ಎರಡು ಕರಟ. ಯೂಟ್ಯೂಬಿನ ಮಳೆ ಸದ್ದು ದಯವಿಟ್ಟು ಬೇಡ. ಒಂದು ಪ್ರದರ್ಶನದಲ್ಲಿ ಗುಡುಗಿನ ನಡುವೆ ಹಲ್ಲುಪುಡಿ ಜಾಹೀರಾತು ಬಂದು ನನ್ನ ಮಾನ ಹೋಗಿದೆ.

ಬಿದ್ದ ತೆರೆಯನ್ನು ಎತ್ತಿ ಅಲ್ಲಾಡಿಸಿ. ಅದೇ ಈಗ ಹಳ್ಳ. ಮಳೆ ನಿಂತ ಮೇಲೆ ಹಾಳೆ ಎಳೆಯುವ ಆಟ. ಒಬ್ಬ ಹಾಳೆಯ ಮೇಲೆ ಕೂತರೆ ಇನ್ನೊಬ್ಬ ಸೋಗೆ ಹಿಡಿದು ರಂಗವೆಲ್ಲ ಎಳೆಯಬೇಕು. ಇದನ್ನು ನಟನೆ ಮಾಡಿಸಬೇಡಿ, ನಿಜವಾಗಿ ಆಡಿಸಿ, ಬಿದ್ದರೆ ಬೀಳಲಿ. ಒಣ ಹಾಳೆ ಸೀಳುತ್ತದೆ, ಮೊದಲು ನೀರಲ್ಲಿ ನೆನೆಸಿಡಿ. ಈ ಆಟ ರೀಲ್ಸಿಗಿಂತ ಜಾಸ್ತಿ ಹೊತ್ತು ನಡೆಯಲಿ.

ಉಳಿದದ್ದು

ಥರ್ಮಾಕೋಲ್ ಮರ ಬೇಡವೇ ಬೇಡ. ಅಗ್ಗದ ಕಾಲರ್ ಮೈಕ್ ಕೀಂಯ್ ಅನ್ನುತ್ತದೆ, ಎರಡು ಸ್ಟ್ಯಾಂಡ್ ಮೈಕ್ ಸಾಕು. ಮಾತನ್ನು ಮೊದಲೇ ರೆಕಾರ್ಡ್ ಮಾಡಿ ಮಕ್ಕಳ ಕೈಲಿ ಬಾಯಿ ಆಡಿಸುವುದು ಸುಲಭ, ಗೊತ್ತು. ಆದರೆ ಅದು ನಾಟಕ ಅಲ್ಲ.

ಕೊನೆಗೆ ಕರೆಂಟ್ ಬರಲಿ. ಹಾಳೆ ಫೋನು ಟಿಣ್ ಅನ್ನಲಿ. ಹುಡುಗ ಓಡಿ ಬಂದು ಎತ್ತಿಕೊಳ್ಳಲಿ, ಒಮ್ಮೆ ನೋಡಲಿ, 'ಅಪ್ಪಾ, ನಿಂಗೆ' ಎಂದು ಕೊಟ್ಟು ಹಾಳೆಯ ಕಡೆಗೇ ಓಡಲಿ. ಅಪ್ಪ ಫೋನ್ ಹಿಡಿದು ನಿಂತಿರುವಾಗಲೇ ದೀಪ ಆರಿಸಿ.

ಆ ಹೊತ್ತಿಗೆ ಸಭೆಯಲ್ಲಿ ಅರ್ಧ ಜನ ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಿರುತ್ತಾರೆ. ಅದಕ್ಕೇ ಮೊದಲೇ ಒಬ್ಬರನ್ನು ಗೊತ್ತುಮಾಡಿ, ವಿಡಿಯೊ ಮರುದಿನ ಗ್ರೂಪಿಗೆ ಬರುತ್ತದೆ ಎಂದು ಮೈಕಿನಲ್ಲಿ ಎರಡು ಸಲ ಹೇಳಿಸಿ.