ಡೆತ್ ರಿಸೆಪ್ಟರ್‌ನಿಂದ ಉರಿಯೂತ: ಹಾಳೆ ಮೇಲೆ ಬಿಡಿಸಿ ಅರ್ಥ ಮಾಡ್ಕೊಳ್ಳೋದು ಹೇಗೆ

ಇಮ್ಯುನಾಲಜಿ (ದೇಹದ ರಕ್ಷಣಾ ವ್ಯವಸ್ಥೆಯ ಶಾಸ್ತ್ರ) ಪುಸ್ತಕದಲ್ಲಿ, ಜೀವಕೋಶದ ಮೇಲಿನ ಡೆತ್ ರಿಸೆಪ್ಟರ್‌ಗೆ ಸಂದೇಶ ಬಂದ್ರೆ ಉರಿಯೂತ ಹೇಗೆ ಶುರುವಾಗತ್ತೆ ಅನ್ನೋ ಚಿತ್ರ ಬಂದೇ ಬರತ್ತೆ, ಬರೀ ಬಾಣ, ಬರೀ ಇಂಗ್ಲಿಷ್ ಅಕ್ಷರ, ನೋಡಿದ ತಕ್ಷಣ ಪುಟ ಮಗುಚಿಬಿಡ್ತೀವಿ. ಒಂದು ಹಾಳೆ, ಪೆನ್ಸಿಲ್, ರಬ್ಬರ್ ತಗೊಳ್ಳಿ. ರಬ್ಬರ್ ಮರೀಬೇಡಿ, ಆಮೇಲೆ ಕೆಲಸ ಇದೆ.

ಮೊದಲು ದೊಡ್ಡ ವೃತ್ತ, ಇದು ಮ್ಯಾಕ್ರೋಫೇಜ್, ರೋಗಾಣು ನುಂಗೋ ರಕ್ಷಕ ಜೀವಕೋಶ. ಒಳಗೆ ಚಿಕ್ಕ ವೃತ್ತ, ನ್ಯೂಕ್ಲಿಯಸ್. ದೊಡ್ಡ ವೃತ್ತದ ಗೋಡೆಗೆ (ಕೋಶದ ಪೊರೆ) ಮೂರು ಕಡ್ಡಿ ಸಿಗಿಸಿ, ಅರ್ಧ ಹೊರಗೆ ಅರ್ಧ ಒಳಗೆ, ಇವು ಟಿಎನ್‌ಎಫ್ ರಿಸೆಪ್ಟರ್-1, ಟಿಎನ್‌ಎಫ್ ಅನ್ನೋ ಸಂದೇಶ ಪ್ರೋಟೀನ್ ಹಿಡಿಯೋ ಡೆತ್ ರಿಸೆಪ್ಟರ್. ಒಳತುದಿಯಲ್ಲಿ ಒಂದೊಂದು ಗುಂಡು, ಅದೇ ಡೆತ್ ಡೊಮೈನ್. ಹೆಸರು ಕೇಳಿ ಹೆದರ್ಬೇಡಿ. 1975ರಲ್ಲಿ ನ್ಯೂಯಾರ್ಕ್‌ನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಸಂಸ್ಥೆಯವರಿಗೆ ಇಲಿಗಳ ಗಡ್ಡೆ ಕೊಳೆಸೋ ವಸ್ತು ಅಂತ ಸಿಕ್ಕಿದ್ದಕ್ಕೆ ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್ (ಟಿಎನ್‌ಎಫ್) ಅಂತ ಹೆಸರಿಟ್ರು, ಆ ಹೆಸರೇ ನಮ್ಮನ್ನ ದಾರಿ ತಪ್ಪಿಸತ್ತೆ ಅನ್ಸತ್ತೆ ನಂಗೆ, ಯಾಕಂದ್ರೆ ಬರೀ ಟಿಎನ್‌ಎಫ್ ಹಾಕಿದ್ರೆ ಹೆಚ್ಚಿನ ಜೀವಕೋಶಗಳು ಸಾಯೋದೇ ಇಲ್ಲ.

ಈಗ ಹೊರಗಿಂದ ಟಿಎನ್‌ಎಫ್ ಬಂದು ಕೂರಲಿ, ಅದೂ ಮೂರು ತುಂಡು ಸೇರಿದ್ದೇ. ಒಳಗಡೆ ಗುಂಡುಗಳಿಗೆ ಟ್ರಾಡ್, ರಿಪ್‌ಕೆ-1 ಅನ್ನೋ ಪ್ರೋಟೀನ್‌ಗಳು ಅಂಟ್ಕೊಳ್ತವೆ, ಹಿಂದೆನೇ ಟ್ರಾಫ್-2, ಅದರ ಜೊತೆ ಸಿ-ಐಎಪಿ ಅನ್ನೋ ಕಿಣ್ವ. ಇದು ರಿಪ್‌ಕೆ-1 ಮೇಲೆ ಯುಬಿಕ್ವಿಟಿನ್ ಅನ್ನೋ ಪುಟ್ಟ ಪ್ರೋಟೀನ್‌ಗಳ ಸರಪಳಿ ಹೆಣೆಯತ್ತೆ. ಇಲ್ಲಿ ಸ್ವಲ್ಪ ನಿಲ್ಲಿ. ಯುಬಿಕ್ವಿಟಿನ್ ಅಂದ್ರೆ ಕಡಿಯೋ ಮರಕ್ಕೆ ಗುರುತು ಹಾಕ್ತಾರಲ್ಲ ಹಾಗೆ, ಬಿದ್ದರೆ ಪ್ರೋಟೀನ್ ಗತಿ ಮುಗೀತು ಅಂತ ಕಲಿತಿರ್ತೀವಿ. ಆದ್ರೆ ಇಲ್ಲಿ ಕೊಂಡಿ ಬೇರೆ ಜಾಗದಲ್ಲಿ, 63ನೇ ಸ್ಥಾನದ ಲೈಸಿನ್ ಅನ್ನೋ ಅಮೈನೋ ಆಮ್ಲದಲ್ಲಿ, ಹಾಗಾಗಿ ಅದು ಬಟ್ಟೆ ಒಣಗಾಕೋ ಹಗ್ಗ ಆಗತ್ತೆ. ಲುಬ್ಯಾಕ್ ಅನ್ನೋ ಇನ್ನೊಂದು ಗುಂಪು ಬಂದು ಹಗ್ಗಾನ ಇನ್ನೂ ಉದ್ದ ಮಾಡತ್ತೆ, ಅದಕ್ಕೆ ಟ್ಯಾಕ್-1, ಐಕೆಕೆ ಅನ್ನೋ ಕಿಣ್ವಗಳು ನೇತಾಡ್ತವೆ.

ಐಕೆಕೆಯಿಂದ ಒಂದು ಬಾಣ. ಜೀನ್ ಆನ್ ಮಾಡೋ ಎನ್‌ಎಫ್-ಕಪ್ಪಾ-ಬಿ ಪ್ರೋಟೀನನ್ನ ಹಿಡ್ಕೊಂಡು ಕೂತಿರೋ ಐ-ಕಪ್ಪಾ-ಬಿ ಗೆ ಫಾಸ್ಫೇಟ್ ಅಂಟಿಸತ್ತೆ, ಅದು ಪುಡಿಯಾಗತ್ತೆ (ಈ ಸಲ ಮರಕ್ಕೆ ಹಾಕೋ ಗುರುತೇ), ಬಿಡುಗಡೆ ಆದ ಎನ್‌ಎಫ್-ಕಪ್ಪಾ-ಬಿ ಕೆಲವೇ ನಿಮಿಷದಲ್ಲಿ ನ್ಯೂಕ್ಲಿಯಸ್ ಒಳಗೆ. ಅಲ್ಲಿ ಐಎಲ್-6, ಐಎಲ್-8 (ಇವೂ ಸಂದೇಶ ಪ್ರೋಟೀನ್‌ಗಳೇ), ಇನ್ನಷ್ಟು ಟಿಎನ್‌ಎಫ್ ಜೀನ್‌ಗಳು ಆನ್. ಐಎಲ್-8 ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣಗಳನ್ನ ಕರೆಯತ್ತೆ, ಜಾಗ ಕೆಂಪಾಗಿ ಊದ್ಕೊಳ್ಳತ್ತೆ. ಜೊತೆಗೇ ಸಿ-ಫ್ಲಿಪ್ ಕೂಡ ತಯಾರಾಗತ್ತೆ, ಅದು ಕೋಶ ಸಾಯದ ಹಾಗೆ ಹಾಕೋ ಬ್ರೇಕು.

ಈಗ ರಬ್ಬರ್ ತಗೊಂಡು ಹಗ್ಗ ಅಳಿಸಿ. ರಿಪ್‌ಕೆ-1 ಗೋಡೆ ಬಿಟ್ಟು ಒಳಗೆ ಬಂದು ಫ್ಯಾಡ್ ಅನ್ನೋ ಪ್ರೋಟೀನ್, ಕ್ಯಾಸ್ಪೇಸ್-8 ಅನ್ನೋ ಕತ್ತರಿಸೋ ಕಿಣ್ವ, ಇವುಗಳ ಜೊತೆ ಸೇರತ್ತೆ, ಕೋಶ ಸದ್ದಿಲ್ಲದೆ ಸಾಯತ್ತೆ. ಹಗ್ಗ ಸರಿಯಾಗಿದ್ರೂ ಟ್ಯಾಕ್-1 ಕೆಟ್ಟರೆ ಸಾವೇ. ಬೆಂಗಳೂರಿಗೆ 1898ರಲ್ಲಿ ಬಂದಿತ್ತಲ್ಲ ಪ್ಲೇಗು, ಆ ಯೆರ್ಸಿನಿಯಾ ಬ್ಯಾಕ್ಟೀರಿಯಾ ಮಾಡೋದು ಇದನ್ನೇ, ಯಾಪ್-ಜೆ ಪ್ರೋಟೀನ್ ಚುಚ್ಚಿ ಟ್ಯಾಕ್-1 ನಿಲ್ಲಿಸತ್ತೆ. ಆಗ ಕ್ಯಾಸ್ಪೇಸ್-8 ಗ್ಯಾಸ್ಡರ್ಮಿನ್-ಡಿ ಅನ್ನೋ ಪ್ರೋಟೀನನ್ನ ಕತ್ತರಿಸತ್ತೆ, ಆ ತುಂಡಿಂದ ಗೋಡೆಗೆ ತೂತು, ಸದ್ದಿಲ್ಲದ ಸಾವೆಲ್ಲಿ ಬಂತು.

ಕ್ಯಾಸ್ಪೇಸ್-8 ಅನ್ನೂ ಅಳಿಸಿ ನೋಡಿ. ಕೆಲವು ವೈರಸ್‌ಗಳು ಅದನ್ನೇ ಅಡ್ಡಗಟ್ಟೋದು. ಆಗ ರಿಪ್‌ಕೆ-1, ರಿಪ್‌ಕೆ-3 ಸೇರಿ ಎಂಎಲ್‌ಕೆಎಲ್ ಅನ್ನೋ ಪ್ರೋಟೀನನ್ನ ಎಬ್ಬಿಸ್ತವೆ, ಕೋಶ ಒಡೆದು ಒಳಗಿಂದೆಲ್ಲ ಅಕ್ಕಪಕ್ಕ ಚೆಲ್ಲತ್ತೆ, ಉರಿಯೂತ ಇನ್ನೂ ಜೋರು. ಕ್ಯಾಸ್ಪೇಸ್-8 ಇಲ್ಲದ ಇಲಿಮರಿ ಗರ್ಭದಲ್ಲೇ ಸಾಯತ್ತೆ, ರಿಪ್‌ಕೆ-3 ಕೂಡ ತೆಗೆದ್ರೆ ಬದುಕತ್ತೆ ಅಂತ 2011ರಲ್ಲಿ ಗೊತ್ತಾಯ್ತು. ಎರಡು ತೆಗೆದ್ರೆ ಬದುಕೋದು ಅಂದ್ರೆ ಮಜಾ ಅಲ್ವಾ.

ಕೊನೇದಾಗಿ ಹೊರಗಡೆ, ಟಿಎನ್‌ಎಫ್ ಮೇಲೆ ಒಂದು ಎಕ್ಸ್ ಹಾಕಿ. ಅಮೆರಿಕದಲ್ಲಿ 1998ರಲ್ಲಿ ಕ್ರೋನ್ಸ್ ಅನ್ನೋ ಕರುಳಿನ ಉರಿಯೂತದ ಕಾಯಿಲೆಗೆ ಒಪ್ಪಿಗೆ ಸಿಕ್ಕ ಇನ್‌ಫ್ಲಿಕ್ಸಿಮ್ಯಾಬ್ ಔಷಧಿ ಕೂರೋದು ಅಲ್ಲೇ. ಆದ್ರೆ ಟಿಬಿ ಬ್ಯಾಕ್ಟೀರಿಯಾನ ಗಂಟು ಕಟ್ಟಿ ಇಡೋಕೂ ಇದೇ ಟಿಎನ್‌ಎಫ್ ಬೇಕು, ಅದಕ್ಕೇ ಇಂಜೆಕ್ಷನ್ ಶುರು ಮಾಡೋ ಮುಂಚೆ ಡಾಕ್ಟ್ರು ಟಿಬಿ ಟೆಸ್ಟ್ ಮಾಡಿಸ್ಕೊಂಡು ಬನ್ನಿ ಅನ್ನೋದು.