ನಿವೃತ್ತಿಯ ಉಳಿತಾಯಕ್ಕೆ ಇಂಡೆಕ್ಸ್ ಫಂಡ್ ಆರಿಸುವ ಬಗೆ

ಪಿಂಚಣಿಯಿಲ್ಲದ ಖಾಸಗಿ ನೌಕರಿಯಲ್ಲೋ ಹೋಟೆಲ್ ಉದ್ಯಮದಲ್ಲೋ ದುಡಿಯುವ ಮುಂಬಯಿ ಕನ್ನಡಿಗರು ಇಂಡೆಕ್ಸ್ ಫಂಡ್ (ಷೇರುಪೇಟೆಯ ಒಂದು ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಮ್ಯೂಚುವಲ್ ಫಂಡ್) ಆರಿಸುವಾಗ ಮೊದಲು ನೋಡಬೇಕಾದದ್ದು ಅದರ ವಾರ್ಷಿಕ ವೆಚ್ಚದ ಅನುಪಾತ, ಅಂದರೆ ನಮ್ಮ ಹಣದಿಂದ ಫಂಡ್ ಪ್ರತಿವರ್ಷ ಮುರಿದುಕೊಳ್ಳುವ ಶುಲ್ಕದ ಶೇಕಡಾ ಪ್ರಮಾಣ. ನಿಫ್ಟಿ 50 ಇರಲಿ, 30 ಕಂಪನಿಗಳ ಸೆನ್ಸೆಕ್ಸ್ ಇರಲಿ, ಒಂದೇ ಸೂಚ್ಯಂಕವನ್ನು ಅನುಸರಿಸುವ ಫಂಡುಗಳೆಲ್ಲ ಅವೇ ಷೇರುಗಳನ್ನು ಕೊಳ್ಳುವುದರಿಂದ ಅಧಿಕ ಶುಲ್ಕ ತೆರಲು ಕಾರಣವೇ ಇಲ್ಲ. ಒಂದು ಲಕ್ಷ ರೂಪಾಯಿ ವರ್ಷಕ್ಕೆ ಶೇ. 10ರಂತೆ 30 ವರ್ಷ ಬೆಳೆದರೆ ಸುಮಾರು 17.45 ಲಕ್ಷವಾಗುತ್ತದೆ, ಶುಲ್ಕದಿಂದಾಗಿ ಬೆಳವಣಿಗೆ ಶೇ. 9ಕ್ಕೆ ಇಳಿದರೆ ಕೈಗೆ ಬರುವುದು ಸುಮಾರು 13.27 ಲಕ್ಷ ಮಾತ್ರ. ಆದ್ದರಿಂದ, ಪರಿಚಯದ ಏಜೆಂಟರ ದಾಕ್ಷಿಣ್ಯಕ್ಕೆ ಕಟ್ಟುಬೀಳದೆ, ಕಮಿಷನ್ ಸೇರದ ಡೈರೆಕ್ಟ್ ಪ್ಲಾನನ್ನೇ, ಲಾಭವನ್ನು ಹಂಚದೆ ಫಂಡಿನಲ್ಲೇ ಬೆಳೆಯಲು ಬಿಡುವ ಗ್ರೋತ್ ಆಯ್ಕೆಯೊಂದಿಗೆ ತೆಗೆದುಕೊಳ್ಳಿ. ಬಳಿಕ ಸೂಚ್ಯಂಕದ ಗಳಿಕೆಗೂ ಫಂಡಿನ ಗಳಿಕೆಗೂ ಇರುವ ಅಂತರ ಹಲವು ವರ್ಷಗಳಿಂದ ಕಡಿಮೆಯಿದೆಯೇ ಎಂದು ಪರಿಶೀಲಿಸಿ. ಐದಾರು ವರ್ಷಗಳೊಳಗೆ ಬೇಕಾಗುವ ಹಣವನ್ನು ಇದರಲ್ಲಿ ತೊಡಗಿಸಬಾರದು.