ಸಂಸ್ಕರಿಸಿದ ಚರಂಡಿ ನೀರಿನಿಂದ ಕೆರೆಯಂಚಿನ ಜೌಗನ್ನು ಮರಳಿ ಬೆಳೆಸುವುದು ಹೇಗೆ?

ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲಾ ಪಶ್ಚಿಮಕ್ಕೆ ಹರಿದು ಬೇಡ್ತಿಯನ್ನು ಕೂಡಿ, ಗಂಗಾವಳಿಯಾಗಿ ಅಂಕೋಲಾ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಹುಬ್ಬಳ್ಳಿ ಭಾಗದ ಬೆಣ್ಣಿಹಳ್ಳ ಪೂರ್ವಕ್ಕೆ ಹೊರಳಿ ಮಲಪ್ರಭೆಗೆ ಸೇರುತ್ತದೆ. ಹೀಗಾಗಿ ಹುಬ್ಬಳ್ಳಿ-ಧಾರವಾಡದ ಬಚ್ಚಲ ನೀರು ಕರಾವಳಿಯ ಅಳಿವೆಗೂ ಬಯಲುಸೀಮೆಯ ಹೊಳೆಗೂ ಸಂಬಂಧಿಸಿದ್ದು. 2002ರಲ್ಲಿ ರಾಮ್ಸಾರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ) ಸೇರಿದ, ಸುಮಾರು 12,500 ಹೆಕ್ಟೇರಿನ ಪೂರ್ವ ಕೋಲ್ಕತ್ತ ಜೌಗುಪ್ರದೇಶ ನಗರದ ಕೊಳಚೆ ನೀರಿನಲ್ಲಿಯೇ ಮೀನು, ತರಕಾರಿ ಬೆಳೆಯುತ್ತ ಬಂದಿದೆ. ನಮ್ಮ ಕೆರೆಗಳಿಗೂ ಈ ದಾರಿ ಇದೆ. ಆದರೆ ಸಂಸ್ಕರಣಾ ಘಟಕದ ನೀರನ್ನು ನೇರವಾಗಿ ಕೆರೆಗೆ ಬಿಡುವುದು ಆ ದಾರಿಯಲ್ಲ; ಅದು ಮೊದಲು ಜೌಗುಗಿಡಗಳನ್ನು ನೆಟ್ಟ ಮಡಿಗಳ ಮೂಲಕ ಹಾದುಬರಬೇಕು.

ಮೊದಲು ನೀರನ್ನು ಪರೀಕ್ಷೆ ಮಾಡಿಸಬೇಕು. 2017ರ ಕೇಂದ್ರ ಅಧಿಸೂಚನೆಯಂತೆ, ಮಹಾನಗರ ಮತ್ತು ರಾಜಧಾನಿಗಳಲ್ಲದ ಊರುಗಳಲ್ಲಿ ಘಟಕದಿಂದ ಹೊರಬೀಳುವ ನೀರಿನ ಬಿ.ಒ.ಡಿ. (ನೀರಿನಲ್ಲಿರುವ ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ಅಷ್ಟರಿಂದಲೇ ಸಮಾಧಾನಪಡುವಂತಿಲ್ಲ. ನೋಡಲು ತಿಳಿಯಾದ ನೀರಿನಲ್ಲಿಯೂ ಸಾರಜನಕ, ರಂಜಕ ಉಳಿದಿರುತ್ತವೆ, ಕೆರೆಯನ್ನು ಜಲಕಳೆ ಮುಚ್ಚಿಬಿಡಲು ಅವೇ ಸಾಕು. ಕಾರ್ಖಾನೆಯ ಗಟಾರ ಎಲ್ಲಿಯಾದರೂ ಕೂಡಿಕೊಂಡಿದ್ದರೆ ಅದನ್ನು ಬೇರ್ಪಡಿಸುವವರೆಗೆ ಕೆಲಸ ಆರಂಭಿಸಲೇಬಾರದು, ಏಕೆಂದರೆ ಭಾರ ಲೋಹಗಳನ್ನು ಯಾವ ಗಿಡವೂ ಇಲ್ಲವಾಗಿಸಲಾರದು.

ಆಮೇಲೆ ಜಾಗದ ಲೆಕ್ಕ. ದಿನಕ್ಕೆ 10 ಲಕ್ಷ ಲೀಟರ್, ಎಂದರೆ 1,000 ಘನ ಮೀಟರ್ ನೀರು ಬರುತ್ತದೆ ಎಂದುಕೊಳ್ಳೋಣ. ಅದು ಗಿಡಗಳ ನಡುವೆ 5 ದಿನ ತಂಗಬೇಕು. ಆಳ 40 ಸೆಂಟಿಮೀಟರ್ ಇದ್ದು, ಅದರಲ್ಲಿ ಕಾಲು ಭಾಗವನ್ನು ಗಿಡಗಳೇ ಆಕ್ರಮಿಸಿದರೆ, ಸುಮಾರು 16,700 ಚದರ ಮೀಟರ್, ಅಂದರೆ ನಾಲ್ಕು ಎಕರೆಗೆ ತುಸು ಹೆಚ್ಚು ಜಾಗ ಬೇಕಾಗುತ್ತದೆ. ಕೆರೆಗೆ ಹಳ್ಳ ಬಂದು ಸೇರುವ ತಲೆಭಾಗವೇ ಇದಕ್ಕೆ ಸೂಕ್ತ. ಅಲ್ಲಿ ತಗ್ಗು ಒಡ್ಡುಗಳನ್ನು ಹಾಕಿ, ಒಂದರಿಂದ ಇನ್ನೊಂದಕ್ಕೆ ನೀರು ಇಳಿಯುವಂತೆ ಮೂರು-ನಾಲ್ಕು ಮಡಿಗಳನ್ನು ಮಾಡಬೇಕು. ಮಳೆಗಾಲದ ರಭಸದ ನೀರು ಮಡಿಗಳನ್ನು ಕೊಚ್ಚಿಕೊಂಡು ಹೋಗದಂತೆ ಪಕ್ಕದಲ್ಲಿ ಬೇರೆ ಕಾಲುವೆ ಇರಲೇಬೇಕು. ನಮ್ಮ ಎರೆಮಣ್ಣು ನೆನೆದಾಗ ಉಬ್ಬಿ ತಳವನ್ನು ತಾನೇ ಮುಚ್ಚುತ್ತದೆ, ಒಣಗಿದಾಗ ಬಿರಿಯುತ್ತದೆ. ಆದಕಾರಣ ಈ ಮಡಿಗಳನ್ನು ಬೇಸಿಗೆಯಲ್ಲಿಯೂ ಒಣಗಲು ಬಿಡಬಾರದು.

ನಾಟಿಗೆ ಜೂನ್-ಜುಲೈ ತಿಂಗಳು ಒಳ್ಳೆಯದು. ಸಮೀಪದ ಹಳ್ಳದಿಂದಲೇ ಆಪಿನ (ಜೌಗಿನಲ್ಲಿ ಬೆಳೆಯುವ ಉದ್ದೆಲೆಯ ಗಿಡ) ಗಡ್ಡೆಗಳನ್ನು ತಂದು, ಎಲೆಯನ್ನು ಒಂದಡಿಗೆ ಕತ್ತರಿಸಿ, ಎರಡು-ಮೂರು ಅಡಿಗೊಂದರಂತೆ ಊರಬೇಕು. ಅಂಚಿಗೆ ಲಾವಂಚ ಹಾಕಬಹುದು. ಬೇರು ಹಿಡಿಯುವವರೆಗೆ ನೀರು ಪಾದ ಮುಳುಗುವಷ್ಟಿದ್ದರೆ ಸಾಕು. ಕೆಲವು ತಿಂಗಳ ನಂತರ ಒಂದು ಗಿಡವನ್ನು ಕಿತ್ತು ನೋಡಿ: ಸುತ್ತಲಿನ ರಾಡಿ ಕಪ್ಪಗಿದ್ದರೂ ಬೇರಿನ ಮೇಲೆ ತುಕ್ಕಿನ ಬಣ್ಣದ ತೆಳು ಪದರ ಕಾಣಿಸುತ್ತದೆ. ಎಲೆಯಿಂದ ಇಳಿದುಬಂದ ಆಮ್ಲಜನಕ ಬೇರಿನಿಂದ ಹೊರಸೂಸಿ ಮಣ್ಣಿನ ಕಬ್ಬಿಣವನ್ನು ತುಕ್ಕಾಗಿಸಿದ ಗುರುತು ಅದು. ಆ ಪದರದ ಬಳಿ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಅದರಾಚೆಯ ಉಸಿರಿಲ್ಲದ ರಾಡಿಯಲ್ಲಿ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ನನಗೆ ಈ ಇಡೀ ವಿಧಾನದ ಜೀವವೇ ಆ ಕೂದಲೆಳೆಯಷ್ಟು ತೆಳುವಾದ ಪದರದಲ್ಲಿದೆ ಅನಿಸುತ್ತದೆ. ರಂಜಕ ಮಾತ್ರ ಹೀಗೆ ಹಾರಿಹೋಗುವುದಿಲ್ಲ, ಮಣ್ಣಿನಲ್ಲೂ ಗಿಡದಲ್ಲೂ ಕೂತುಬಿಡುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಆಪನ್ನು ಕೊಯ್ದು ಹೊರಗೆ ಸಾಗಿಸಿ ಗೊಬ್ಬರ ಮಾಡಬೇಕು. ಕೊಯ್ದದ್ದನ್ನು ಅಲ್ಲಿಯೇ ಕೊಳೆಯಲು ಬಿಟ್ಟರೆ ಪಟ್ಟ ಶ್ರಮವೆಲ್ಲ ನೀರುಪಾಲು.

ಸೊಳ್ಳೆಗಳ ಹಾವಳಿ ತಡೆಯಲು ನೀರು ನಿಲ್ಲದೆ ಸಾಗುತ್ತಿರಬೇಕು, ಸ್ಥಳೀಯ ಸಣ್ಣ ಮೀನುಗಳಿರಬೇಕು.

ಮಡಿಗಳು ವರ್ಷವಿಡೀ ಹಸಿಯಾಗಿರಬೇಕಾದರೂ ಕೆರೆ ಹಾಗಿರಬೇಕಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ತಾಣವಾಯಿತು. ಚಳಿಗಾಲದಲ್ಲಿ ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇದು ಕೆರೆಯಲ್ಲಿ ತಂಗುತ್ತವೆ. ನೀರು ಇಳಿದಾಗ ತೆರೆದುಕೊಳ್ಳುವ ಕೆಸರಿನಂಚು ಉದ್ದಕಾಲಿನ ಹಕ್ಕಿಗಳಿಗೆ ಬೇಕು. ಸಂಸ್ಕರಿಸಿದ ನೀರು ಸಿಕ್ಕಿತೆಂದು ಕೆರೆಯನ್ನು ಸದಾ ಕೋಡಿಮಟ್ಟಕ್ಕೆ ತುಂಬಿಸಿಟ್ಟರೆ ಆ ಅಂಚು ಮುಳುಗಿಹೋಗುತ್ತದೆ. ಬೇಸಿಗೆಯಲ್ಲಿ ಕೆರೆಯ ಮಟ್ಟ ಇಳಿಯಲು ಬಿಟ್ಟು, ಹೆಚ್ಚಿನ ನೀರನ್ನು ಹೊಲಗಳಿಗೆ ಕೊಡುವುದು ಸರಿ.

ನೀರು ಬಿಡುವ ಮೊದಲೇ ಕೆರೆಯ ಕೆಳಗಿನ ಬಾವಿ, ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿ ಬರೆದಿಟ್ಟುಕೊಳ್ಳಬೇಕು. ಮೊದಲ ವರ್ಷ ತಿಂಗಳಿಗೊಮ್ಮೆ ಮಡಿಯ ಒಳಹರಿವು, ಹೊರಹರಿವು ಮತ್ತು ಅದೇ ಬಾವಿಗಳ ಮಾದರಿ ತೆಗೆದು ಹೋಲಿಸಬೇಕು. ಕುಡಿಯುವ ನೀರಿನಲ್ಲಿ ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಬಾವಿಯ ಅಂಕಿ ಅದರತ್ತ ಏರತೊಡಗಿದರೆ ಆ ದಿನವೇ ತೂಬು ಮುಚ್ಚಿಸಬೇಕು.